ಸಿವಿಲ್ ಕೇಸಿನ ಸೀನಿಯರ್ ವಕೀಲರ ಹತ್ರ ಮೊದಲ ವರ್ಷ: ಕೆಲಸ ಕಲಿಯೋದು ಹ್ಯಾಂಗ?

ಪ್ರಶ್ನೆ: ಕಲಬುರಗಿ ಜಿಲ್ಲಾ ಕೋರ್ಟಿನಾಗ ಸೀನಿಯರ್ ಕೈಕೆಳಗ ಸೇರೋ ಹೊಸಬರು ಬರೀ ಫೈಲ್ ಹೊತ್ತು, ತಾರೀಖು ಬರಕೊಂಡೇ ವರ್ಷ ಕಳೀಬಾರದು ಅಂದ್ರ ಏನು ಮಾಡಬೇಕ್ರಿ? ಸೀನಿಯರಿಗೆ ಕೂತು ಕಲಿಸೋವಷ್ಟು ಪುರುಸೊತ್ತು ಇರಂಗಿಲ್ಲ.

ಉತ್ತರ 1: ‘ಕಲಿಸ್ರಿ’ ಅನಬ್ಯಾಡ್ರಿ, ‘ತಿದ್ದಿಕೊಡ್ರಿ’ ಅನ್ರಿ. ಮುಗಿದ ಕೇಸಿನ ದಾವೆ ಪತ್ರ ತಗೊಂಡು, ಸೀನಿಯರ್ ಬರೆದ ಲಿಖಿತ ಹೇಳಿಕೆ (ದಾವೆಗೆ ಪ್ರತಿವಾದಿ ಕೊಡೋ ಉತ್ತರ) ನೋಡದೇ ನೀವೇ ಒಂದು ಬರೀರಿ. ಆಮ್ಯಾಲ ಪ್ಯಾರಾ ಪ್ಯಾರಾ ಹೋಲಿಸ್ರಿ. ಹೊಸಬರು ಎಡವೋದು ಹೆಚ್ಚಾಗಿ ಒಂದೇ ಕಡಿ: ‘ಎಲ್ಲಾ ಸುಳ್ಳು’ ಅಂತ ಒಟ್ಟಾರೆ ಅಲ್ಲಗಳೀತಾರ. ಸಿವಿಲ್ ಪ್ರಕ್ರಿಯಾ ಸಂಹಿತೆ ಆದೇಶ 8, ನಿಯಮ 5ರ ಪ್ರಕಾರ ಒಂದೊಂದು ಸಂಗತಿನೂ ನಿರ್ದಿಷ್ಟವಾಗಿ ಅಲ್ಲಗಳೀದಿದ್ರ ಒಪ್ಪಿದಂಗೇ ಲೆಕ್ಕ. ಪ್ರಿಂಟ್ ಕೊಡುವಾಗ ಸಾಲಿನ ನಡುವ ಜಾಗ ಬಿಡ್ರಿ. ಕೆಂಪು ಪೆನ್ನು ಎಲ್ಲಿ ಆಡ್ತದೋ ಅದೇ ಪಾಠ.

ಉತ್ತರ 2: ಡೈರಿಯೊಳಗ ತಾರೀಖು ಬರಿಯೋ ಕೆಲಸ ಹಗುರ ಅನ್ಕೋಬ್ಯಾಡ್ರಿ, ಸೀನಿಯರ್ ನಂಬಿಕಿ ಹುಟ್ಟೋದೇ ಅಲ್ಲಿ. ಸಮನ್ಸ್ ಮುಟ್ಟಿದ 30 ದಿನಕ್ಕ ಲಿಖಿತ ಹೇಳಿಕೆ, ಕೇವಿಯಟ್ಟಿಗೆ (‘ನಮ್ಮ ಮಾತು ಕೇಳದೇ ಆದೇಶ ಕೊಡಬ್ಯಾಡ್ರಿ’ ಅಂತ ಮೊದಲೇ ಹಾಕೋ ಅರ್ಜಿಗೆ) 90 ದಿನ ಆಯುಷ್ಯ. ಮೊದಲ ಮೇಲ್ಮನವಿ ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90. ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕ್ರಿ. ನಕಲು ಪಡೆಯಲು ಬೇಕಾದ ಅವಧಿ ಕಾಲಮಿತಿಯಿಂದ ಕಳೀತಾರ, ಆದ್ರ ನೀವು ಅರ್ಜಿ ಹಾಕದೇ ಸುಮ್ನ ಕೂತ ದಿನ ಕಳೆಯಂಗಿಲ್ಲ.

ಉತ್ತರ 3: ಕಲಿಯಾಕ ಸೀನಿಯರ್ ಒಬ್ಬರೇ ಸಾಲಂಗಿಲ್ಲ. ಊರಾಗೇ 2013ರಿಂದ ಹೈಕೋರ್ಟಿನ ಕಾಯಂ ಪೀಠ ಅದ. ನಿಮ್ಮ ಆಫೀಸಿನ ಮೇಲ್ಮನವಿ ಅಲ್ಲಿ ವಾದಕ್ಕ ಬಂದಾಗ ಸೀನಿಯರಿಗೆ ಹೇಳಿಯೇ ಹೋಗ್ರಿ, ಮುಚ್ಚಿಟ್ಟು ಅಲ್ಲ. ಕೆಳಗಿನ ಕೋರ್ಟಿನಾಗ ಸಾಕ್ಷ್ಯ ಅಂತ ಗುರುತು ಹಾಕಿಸದೇ ಬಿಟ್ಟ ದಾಖಲೆ ಮ್ಯಾಲಿನ ಕೋರ್ಟಿನಾಗ ಹ್ಯಾಂಗ ಕಾಡ್ತದ ಅಂತ ಕಣ್ಣಿಗೆ ಕಾಣ್ತದ.