ಸಹಾಯ ಬೇಕು: ಖಾರ್ಕಿವ್ ಅಜ್ಜಿಗೆ ಕ್ರಿಸ್‌ಮಸ್ ಯಾವತ್ತು?

ನನ್ನ ತಮ್ಮ ಯುಕ್ರೇನಿನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ, 2022ರಲ್ಲಿ ಯುದ್ಧ ಶುರುವಾದಾಗ ಬೆಂಗಳೂರಿಗೆ ವಾಪಸ್ ಬಂದ. ಅವನ ಮನೆ ಓನರ್ ಅಜ್ಜಿ ಈಗಲೂ ಮೆಸೇಜ್ ಮಾಡುತ್ತಾರೆ. ಆರಾಧನೆ ಮಧ್ಯೆ ಸೈರನ್ ಕೂಗಿದರೆ ಉರಿಯೋ ಮೇಣದಬತ್ತಿ ಹಿಡಿದೇ ನೆಲಮಾಳಿಗೆಗೆ ಇಳಿಯುತ್ತಾರಂತೆ. ಪಾಪ, ಎಂಥ ಧೈರ್ಯ ಅಲ್ವಾ!

ಹಬ್ಬಕ್ಕೆ ಶಿವಾಜಿನಗರದ ನಮ್ಮ ಚರ್ಚಿನಿಂದ ವಿಡಿಯೋ ಕಾಲ್ ಮಾಡಬೇಕು ಅಂತಿದ್ದೇವೆ. ಅಜ್ಜಿ ಆರ್ಥಡಾಕ್ಸ್ ಕ್ರೈಸ್ತರು. ಆದರೆ ಅಲ್ಲಿ ಆರ್ಥಡಾಕ್ಸ್‌ನಲ್ಲೇ ಎರಡು ಸಭೆಗಳಿವೆ, ಅಂದರೆ ಎರಡು ಚರ್ಚ್ ಪಂಗಡಗಳು. ಯುಕ್ರೇನಿನ ಸ್ವತಂತ್ರ ಸಭೆ 2023ರಿಂದ ಡಿಸೆಂಬರ್ 25ಕ್ಕೆ ಬದಲಾಗಿದೆ, ಮೊದಲಿಂದ ಮಾಸ್ಕೋ ಜೊತೆಗಿದ್ದ ಸಭೆಯಲ್ಲಿ ಜನವರಿ 7ಕ್ಕೇ ಹಬ್ಬ. ಅಜ್ಜಿ ಯಾವುದಕ್ಕೆ ಹೋಗುತ್ತಾರೋ ತಮ್ಮನಿಗೂ ಗೊತ್ತಿಲ್ಲ. ಫಾದರ್‌ನ ಕೇಳಿದೆ, 'ನೇರವಾಗಿ ಕೇಳಬೇಡಮ್ಮ, ಈಗ ಅದು ನಾಜೂಕು ವಿಷಯ' ಅಂದರು.

ಅಲ್ಲಿ ಓದಿ ಬಂದವರು ಯಾರಾದರೂ ಇದ್ದರೆ ಹೇಳಿ, ಅಜ್ಜಿಗೆ ಬೇಜಾರಾಗದ ಹಾಗೆ ಇದನ್ನು ಕೇಳೋದು ಹೇಗೆ? ಇಲ್ಲಾ ಸುಮ್ನೆ ಎರಡೂ ದಿನ ಕಾಲ್ ಮಾಡಿದರೆ ತಪ್ಪಾಗುತ್ತಾ?