ಪದಚರ್ಚೆ: ರಸ್ತೆ ಬೋರ್ಡಿಗೆ ‘ಯುಟಿಲಿಟಿ’ಗೊಂದು ಪದ ಬೇಕು, ಇವತ್ತೇ

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಕೆಲಸ ಶುರುವಾಗಲಿದೆ. ಹಳೆಯ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಒಳಚರಂಡಿ ಪೈಪು, ತುಕ್ಕು ತಿಂದ ನೀರಿನ ಪೈಪು ತೆಗೆದು ಹೊಸದು ಹಾಕುತ್ತಾರೆ. ಕೇಬಲ್ಲುಗಳೆಲ್ಲ ಫುಟ್‌ಪಾತ್ ಕೆಳಗಿನ ಡಕ್ಟಿಗೆ. ಬೆಂಗಳೂರಿನ ರೆಸಿಡೆನ್ಸಿ ರೋಡಿನಲ್ಲಿ ಟೆಂಡರ್‌ಶ್ಯೂರ್ ಅನ್ನುವ ರಸ್ತೆ ಯೋಜನೆ ಮಾಡಿದರಲ್ಲ, ಹಾಗೆ. ಬೋರ್ಡಿನ ಕನ್ನಡ ನೋಡಿಕೊಡಿ ಅಂತ ನನಗೆ ಕಳಿಸಿದ್ದಾರೆ. ಅದರಲ್ಲಿರುವುದು: ‘ಬೀದಿ ಮತ್ತು ಉಪಯುಕ್ತತೆಗಳ ಪುನರುಜ್ಜೀವನ’. ಇಂಗ್ಲಿಷಿನಲ್ಲಿ ಈ ನೀರು, ಒಳಚರಂಡಿ, ಕೇಬಲ್ ಲೈನುಗಳಿಗೆಲ್ಲ ಸೇರಿಸಿ ಯುಟಿಲಿಟಿ ಅಂತಾರೆ. ಅದಕ್ಕೆ ಕನ್ನಡ ಉಪಯುಕ್ತತೆಯಂತೆ! ಸಂಜೆ ಐದಕ್ಕೆ ಪ್ರಿಂಟಿಗೆ ಹೋಗುತ್ತೆ. ಬೇಗ ಹೇಳಿ.
– ಬಸವನಗುಡಿ

‘ಮೂಲಸೌಕರ್ಯ ನವೀಕರಣ’. ಇದಕ್ಕೂ ಚರ್ಚೆ ಬೇಕಾ?
– ಮೈಸೂರು

ಬೇಕು ಸ್ವಾಮಿ. ಮೂಲಸೌಕರ್ಯ ಅಂದರೆ ಸೇತುವೆ, ಶಾಲೆ, ಆಸ್ಪತ್ರೆ ಎಲ್ಲ ಬಂತು. ಇಲ್ಲಿರುವುದು ಪೈಪು, ಕೇಬಲ್ಲು. ನವೀಕರಣ ಅಂತ ಲೈಸೆನ್ಸಿಗೆ ಮಾಡಿಸಿಕೊಳ್ಳಿ. ಇನ್ನು ‘ಪುನಶ್ಚೇತನ’ ಅನ್ನುವವರೂ ಬರುತ್ತಾರೆ, ನೋಡ್ತಿರಿ. ಮೋರಿಗೆ ಎಲ್ಲಿಯ ಚೇತನ? ಸಂಸ್ಕೃತದ ಗೀಳು ಬಿಟ್ಟು ಅಚ್ಚಗನ್ನಡದಲ್ಲಿ ಬರೆಯಿರಿ: ‘ಬೀದಿ ಹೊಸಗಟ್ಟು, ನೆಲದಡಿ ಏರ್ಪಾಡು’.
– ಶಿವಮೊಗ್ಗ

ಮೋರಿ ನಿಮ್ಮ ಕಡೆ. ನಮ್ಮಲ್ಲಿ ಗಟಾರ. ಮತ್ತೆ ಅಚ್ಚಗನ್ನಡದ ಮಾತು: ಬೀದಿ ಅನ್ನುವುದೇ ‘ವೀಥಿ’ಯ ತದ್ಭವ. ರಸ್ತೆ, ದುರಸ್ತಿ, ಸರಬರಾಜು ಪಾರಸಿಯಿಂದ. ಕಾಮಗಾರಿ ಮರಾಠಿಯಿಂದ. ಇವನ್ನೆಲ್ಲ ಆಚೆ ಹಾಕಿದರೆ ಬೆಂಗಳೂರು ಜಲಮಂಡಳಿಯ ಪೂರ್ತಿ ಹೆಸರನ್ನೂ (‘ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ’) ಬರೆಯೋಕಾಗಲ್ಲ.
– ಧಾರವಾಡ

ತದ್ಭವ ಆದಮೇಲೆ ಅದು ನಮ್ಮದೇ. ತತ್ಸಮದ ಮಾತು ಬೇರೆ.
– ಶಿವಮೊಗ್ಗ

ಹಾಗಾದರೆ ‘ಪೈಪು’ ಕೂಡ ತದ್ಭವ. ಕೊನೆಗೆ ಉಕಾರ ಹಚ್ಚಿದ್ದೀವಲ್ಲ.
– ಧಾರವಾಡ

ಇಬ್ಬರೂ ಸ್ವಲ್ಪ ನಿಲ್ಲಿಸಿ, ಐದು ಗಂಟೆ ಆಗ್ತಾ ಬಂತು. ಸೈಟಿನಲ್ಲಿ ಇವಕ್ಕೆಲ್ಲ ಸೇರಿಸಿ ಒಂದು ಕನ್ನಡ ಪದ ಯಾರ ಬಾಯಲ್ಲೂ ಇಲ್ಲ. ವಾಟರ್ ಲೈನು, ಯುಜಿಡಿ (ಒಳಚರಂಡಿ) ಲೈನು, ಕೇಬಲ್ಲು, ಅಷ್ಟೇ. ಯಾಕೆಂದರೆ ಅಗೆಯುವವರೇ ಬೇರೆ ಬೇರೆ. ನೀರಿನವರು ಅಗೆದು ಮುಚ್ಚಿ ಡಾಂಬರು ಹಾಕಿದ ಮೇಲೆ ಗ್ಯಾಸಿನವರು ಬರುತ್ತಾರೆ. ಬೋರ್ಡ್ ಓದುವವರಿಗೆ ಬೇಕಿರುವುದು ನಲ್ಲಿ ಯಾವತ್ತು ನಿಲ್ಲುತ್ತೆ, ಗೇಟಿನ ಮುಂದಿನ ಗುಂಡಿ ಯಾವಾಗ ಮುಚ್ಚುತ್ತೆ ಅನ್ನೋದು. ಹೀಗೆ ಬರೆಯಿರಿ: ‘ಹಳೆಯ ನೀರಿನ ಮತ್ತು ಒಳಚರಂಡಿ ಪೈಪು ಬದಲಿಸಿ, ಕೇಬಲ್ ನೆಲದಡಿ ಹಾಕಿ, ರಸ್ತೆ ಹೊಸದಾಗಿ ಮಾಡುವ ಕಾಮಗಾರಿ’. ಕೆಳಗೆ ತಾರೀಖು ಹಾಕಿ. ಉದ್ದವಾದರೆ ಆಗಲಿ.
– ರಾಜಾಜಿನಗರ

ಹಳೆಯದು ನೀರೋ ಪೈಪೋ? ‘ನೀರಿನ ಮತ್ತು ಒಳಚರಂಡಿಯ ಹಳೆ ಪೈಪು’ ಅನ್ನಿ.
– ಮೈಸೂರು

ಹಾಗೇ ಕಳಿಸಿದೆ, ಥ್ಯಾಂಕ್ಸ್. ಎರಡನೇ ಬೋರ್ಡಿನಲ್ಲಿ ‘ಮ್ಯಾನ್‌ಹೋಲ್ ತೆರೆದಿದೆ, ಎಚ್ಚರ’ ಅಂತಿದೆ. ‘ಆಳುಗುಂಡಿ’ ಹಾಕಲಾ?
– ಬಸವನಗುಡಿ

ಬೇಡ. ಅಲ್ಲಿರುವುದು ‘ಆಳ’ ಅಲ್ಲ, ‘ಆಳು’. ಇಂಗ್ಲಿಷಿನ ಪಡಿಯಚ್ಚು. ಸುರಕ್ಷತೆಯ ಸಲಕರಣೆ ಇಲ್ಲದೆ ಆಳನ್ನು ಅದರೊಳಗೆ ಇಳಿಸುವಂತಿಲ್ಲ ಅಂತ 2013ರ ಕಾಯ್ದೆಯೇ ಇದೆ. ಹೆಸರಲ್ಲಿ ಮಾತ್ರ ಇನ್ನೂ ಇಳಿಸ್ತಾನೇ ಇದ್ದೀವಿ. ‘ಚೇಂಬರ್’ ಅನ್ನಿ, ಎಲ್ಲರಿಗೂ ಗೊತ್ತು.
– ರಾಜಾಜಿನಗರ

ಮತ್ತೆ ಇಂಗ್ಲಿಷ್! ‘ಇಳಿಗುಂಡಿ’ ಅಂತ ಚೊಕ್ಕವಾದ ಪದ ಕಟ್ಟಬಹುದು.
– ಶಿವಮೊಗ್ಗ

ಇಳಿಯಬೇಡಿ ಅಂತಲೇ ಅಲ್ವಾ ಬೋರ್ಡ್ ಹಾಕ್ತಿರೋದು?
– ಧಾರವಾಡ