ಅಪ್ಪನ ಮೃತ್ಯುಪತ್ರ ರಿಜಿಸ್ಟರ್ ಆಗಿಲ್ಲ, ಸಹಾಯ ಬೇಕು

ನಮಸ್ಕಾರ. ನಮ್ಮದು ಗದಗ-ಬೆಟಗೇರಿ. ಅಪ್ಪ ನೇಕಾರರು. 40 ವರ್ಷ ಸೀರೆ ನೇಯ್ದು ಸ್ವಂತ ದುಡಿಮೆಯಲ್ಲಿ ಮನೆ ಕಟ್ಟಿಸಿದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಬಿಳಿ ಹಾಳೆಯ ಮೃತ್ಯುಪತ್ರ ಸಿಕ್ಕಿತು. ಮನೆ ಅಣ್ಣನಿಗೆ, ಮಗ್ಗದ ಶೆಡ್ಡು ನನಗೆ, ಬಂಗಾರ ಅಕ್ಕನಿಗೆ. ಅವ್ವ ಇರುವತನಕ ಅದೇ ಮನೆಯಲ್ಲಿ ಇರಬೇಕು ಅಂತಲೂ ಬರೆದಿದ್ದಾರೆ. ಆ ಸಾಲು ಓದಿ ಎಲ್ಲರೂ ಅತ್ತುಬಿಟ್ಟೆವು. ನಮ್ಮಲ್ಲಿ ಜಗಳ ಇಲ್ಲ.

ಆಸ್ತಿಯ ಖಾತೆ ನಮ್ಮ ಹೆಸರಿಗೆ ಬದಲಾಯಿಸಲು ಹೋದರೆ ಕಚೇರಿಯವರು 'ರಿಜಿಸ್ಟರ್ ಆಗಿಲ್ಲ, ನಡೆಯಲ್ಲ' ಅಂದರು. ವಕೀಲರು ಮಾತ್ರ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಇಬ್ಬರು ಸಾಕ್ಷಿಗಳ ಸಹಿ ಮುಖ್ಯ, ರಿಜಿಸ್ಟರ್ ಕಡ್ಡಾಯ ಅಲ್ಲ ಅಂತಾರೆ. ಸಹಿ ಎರಡೂ ಇವೆ. ಆದರೆ ಒಬ್ಬ ಸಾಕ್ಷಿ ಈಗಿಲ್ಲ, ಇನ್ನೊಬ್ಬರಿಗೆ 80 ದಾಟಿದೆ.

ಇಂಥ ಪತ್ರದ ಮೇಲೆ ಖಾತೆ ಮಾಡಿಸಿದವರು ಇದ್ದೀರಾ? ಉಳಿದ ಸಾಕ್ಷಿಯ ಅಫಿಡವಿಟ್ ಸಾಕಾ, ಇಲ್ಲಾ ಕೋರ್ಟಿಗೇ ಹೋಗಬೇಕಾ?